ಕಾಫಿ ನಾಡಿನ ಪಡುವಣ ಅಂಚಿನ ಚಹಾ

ಭಾರತದಲ್ಲಿ ಬೆಳೆಯುವ ಒಟ್ಟು ಕಾಫಿಯ ಸುಮಾರು ಮೂರನೆಯ ಒಂದು ಪಾಲನ್ನು ಕೊಡಗು ಜಿಲ್ಲೆಯೊಂದೇ ಒದಗಿಸುತ್ತದೆ. ಅಲ್ಲಿನ ಭೂಮಿಯ ಲೆಕ್ಕಾಚಾರ, ಕೂಲಿಯ ಲೆಕ್ಕಾಚಾರ, ಮದುವೆ ಮುಂಜಿಗಳ ಲೆಕ್ಕಾಚಾರ ಕೂಡ ಕಾಫಿಯ ಕೊಯ್ಲನ್ನು ಅನುಸರಿಸಿಯೇ ನಡೆಯುತ್ತದೆ. ಇಂಥ ಜಿಲ್ಲೆಯ ನೈಋತ್ಯ ಮೂಲೆಯಲ್ಲಿ, ಪೊನ್ನಂಪೇಟೆ ತಾಲ್ಲೂಕಿನ ಹುದಿಕೇರಿಯಿಂದ ಮುಂದೆ ಬ್ರಹ್ಮಗಿರಿ ಬೆಟ್ಟಸಾಲಿನ ಕಡೆಗೆ ಸಾಗಿದಂತೆ, ನೆರಳುಮರಗಳ ಕೆಳಗಿನ ಕಾಫಿ ಗಿಡಗಳು ಹಿಂದೆ ಸರಿದು, ಸೊಂಟದೆತ್ತರಕ್ಕೆ ಒಂದೇ ಸಮನೆ ಕತ್ತರಿಸಿದ ಚಹಾ ಪೊದೆಗಳ ಹಸಿರು ಇಳಿಜಾರುಗಳು ಕಾಣಿಸಿಕೊಳ್ಳುತ್ತವೆ. ಟಾಟಾ ಸಮೂಹದ ಗ್ಲೆನ್‌ಲೋರ್ನಾ ಎಂಬ ಈ ತೋಟ ಕೊಡಗಿನಲ್ಲಿ ಚಹಾಕ್ಕೆ ಹೆಸರಾದ ಒಂದೇ ಒಂದು ದೊಡ್ಡ ತೋಟ. ಜಿಲ್ಲೆಯ ಉಳಿದೆಡೆ ಇಲ್ಲದ ಚಹಾ ಈ ಅಂಚಿನಲ್ಲಿ ಮಾತ್ರ ಏಕೆ ನೆಲೆಯೂರಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟವರಿಗೆ, ಒಳ್ಳೆಯ ಎಲೆ ಚಹಾದ ರುಚಿ ಎಲ್ಲಿಂದ ಬರುತ್ತದೆ ಎಂಬ ಇನ್ನೂ ದೊಡ್ಡ ಪ್ರಶ್ನೆಯ ಉತ್ತರವೂ ಬಹುಮಟ್ಟಿಗೆ ದೊರೆಯುತ್ತದೆ, ಏಕೆಂದರೆ ಎರಡಕ್ಕೂ ಕಾರಣ ಒಂದೇ: ವರ್ಷದ ಯಾವ ತಿಂಗಳಲ್ಲಿ ಎಷ್ಟು ಮಳೆ, ಎಷ್ಟು ಚಳಿ, ಎಷ್ಟು ಬಿಸಿಲು ಗಿಡಕ್ಕೆ ಸಿಗುತ್ತದೆ ಎಂಬುದು.

ಮೊದಲು ಗಿಡದ ವಿಷಯ. ಹಸಿರು ಚಹಾ, ಕಪ್ಪು ಚಹಾ, ಬಿಳಿ ಚಹಾ, ಊಲಾಂಗ್ ಎಂದು ಅಂಗಡಿಯಲ್ಲಿ ಬೇರೆ ಬೇರೆ ಹೆಸರಿನಿಂದ ಮಾರಾಟವಾಗುವುದೆಲ್ಲವೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಜಾತಿಯ ಗಿಡದ ಎಲೆ. ಭೇದವಿರುವುದು ಕಿತ್ತ ಎಲೆಯನ್ನು ಹದಗೊಳಿಸುವ ವಿಧಾನದಲ್ಲಿ. ಆ ಜಾತಿಯಲ್ಲಿ ಎರಡು ಮುಖ್ಯ ಬಗೆಗಳಿವೆ. ಚೀನಾ ಬಗೆಯ ಎಲೆ ಚಿಕ್ಕದು, ಗಿಡ ಚಳಿಯನ್ನು ತಾಳಬಲ್ಲದು, ಇಳುವರಿ ಕಡಿಮೆ. ಅಸ್ಸಾಂ ಬಗೆಯ ಎಲೆ ಅಗಲ, ಗಿಡಕ್ಕೆ ಬೆಚ್ಚನೆಯ ತೇವದ ಹವೆ ಬೇಕು, ಇಳುವರಿಯೂ ಬಣ್ಣವೂ ಹೆಚ್ಚು. ದಕ್ಷಿಣ ಭಾರತದ ತೋಟಗಳಲ್ಲಿ ಇಂದು ಕಾಣುವುದು ಬಹುಪಾಲು ಅಸ್ಸಾಂ ಬಗೆಯ ರಕ್ತ ಬೆರೆತ ಗಿಡಗಳು ಮತ್ತು ಅವುಗಳಿಂದ ಆಯ್ದು ಕಡ್ಡಿ ನೆಟ್ಟು ಬೆಳೆಸಿದ ತಳಿಗಳು. ಸುಮ್ಮನೆ ಬಿಟ್ಟರೆ ಮರವಾಗಿ ಬೆಳೆಯುವ ಈ ಗಿಡವನ್ನು ಕೆಲವು ವರ್ಷಗಳಿಗೊಮ್ಮೆ ಕವಾತು ಮಾಡಿ, ಮೇಲ್ಭಾಗವನ್ನು ಮೇಜಿನಂತೆ ಸಮತಟ್ಟಾಗಿರಿಸಿ, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ತುದಿಯ ಮೊಗ್ಗು ಮತ್ತು ಅದರ ಕೆಳಗಿನ ಎರಡು ಎಲೆಗಳನ್ನು ಮಾತ್ರ ಕೀಳುತ್ತಾರೆ; ಕಿತ್ತಷ್ಟೂ ಗಿಡ ಹೊಸ ಚಿಗುರು ಹೊರಡಿಸುತ್ತದೆ.

ಆ ಚಿಗುರಿನೊಳಗೆ ಏನಿದೆ ಎಂಬುದು ರುಚಿಯ ಮೂಲ. ಎಳೆ ಚಿಗುರಿನ ಒಣತೂಕದಲ್ಲಿ ಸುಮಾರು ಕಾಲು ಭಾಗದಷ್ಟು ಕ್ಯಾಟೆಚಿನ್ ಎಂಬ ಒಗರು ಪದಾರ್ಥಗಳಿರುತ್ತವೆ, ಶೇ. 2ರಿಂದ 4ರಷ್ಟು ಕೆಫೀನ್ ಇದ್ದು ಅದು ಕಹಿಯನ್ನೂ ಚುರುಕನ್ನೂ ಕೊಡುತ್ತದೆ. ಥಿಯನಿನ್ ಎಂಬ ಅಮೈನೋ ಆಮ್ಲವಿದ್ದು ಅದು ನಾಲಿಗೆಯ ಮೇಲೆ ಉಳಿಯುವ ಒಂದು ಬಗೆಯ ನವಿರಾದ ಸವಿಯನ್ನು ತರುತ್ತದೆ. ಇವೆಲ್ಲದರ ಜೊತೆಗೆ ಅತ್ಯಲ್ಪ ಪ್ರಮಾಣದಲ್ಲಿ, ಆದರೆ ಸಂಖ್ಯೆಯಲ್ಲಿ ನೂರಾರು, ಆವಿಯಾಗಬಲ್ಲ ಪರಿಮಳ ದ್ರವ್ಯಗಳಿರುತ್ತವೆ. ಥಿಯನಿನ್ ಹುಟ್ಟುವುದು ಬೇರಿನಲ್ಲಿ. ಅದು ಮೇಲೇರಿ ಎಲೆ ಸೇರಿದ ಮೇಲೆ ಬಿಸಿಲು ಬಿದ್ದಷ್ಟೂ ಕರಗಿ, ಒಗರಿನ ಕ್ಯಾಟೆಚಿನ್‌ಗಳ ತಯಾರಿಕೆಗೆ ಒದಗುತ್ತದೆ. ಜಪಾನಿನವರು ಗ್ಯೊಕುರೊ ಎಂಬ ಚಹಾಕ್ಕಾಗಿ ಕೊಯ್ಲಿಗೆ ಮುಂಚಿನ ಸುಮಾರು 20 ದಿನ ತೋಟಕ್ಕೆ ಮರೆ ಕಟ್ಟುವುದು ಈ ಕಾರಣಕ್ಕಾಗಿಯೇ. ಮಂಜು ಮುಸುಕಿದ ಬೆಟ್ಟದ ಚಹಾ ಬಯಲಿನ ಚಹಾಕ್ಕಿಂತ ಮೃದುವಾಗಿರುವುದಕ್ಕೂ ಇದೊಂದು ಕಾರಣ. ಇನ್ನೊಂದು ಕಾರಣ ಬೆಳವಣಿಗೆಯ ವೇಗ: ಬೆಚ್ಚನೆಯ ಗಾಳಿ, ಧಾರಾಳ ನೀರು ಸಿಕ್ಕಿದಾಗ ಚಿಗುರು ಸರಸರನೆ ಉದ್ದವಾಗಿ ಅದರೊಳಗಿನ ಪರಿಮಳ ದ್ರವ್ಯಗಳು ತೆಳುವಾಗುತ್ತವೆ; ಚಳಿಯಲ್ಲಿ, ನೀರು ಮಿತವಾಗಿದ್ದಾಗ ಚಿಗುರು ನಿಧಾನವಾಗಿ ಬಲಿತು ಅವು ದಟ್ಟವಾಗುತ್ತವೆ. ಚಹಾ ಬೆಳೆಯುವ ಯಾವ ಪ್ರದೇಶದಲ್ಲಾದರೂ ಹೆಚ್ಚು ಎಲೆ ಸಿಗುವ ತಿಂಗಳುಗಳು ಮತ್ತು ಉತ್ತಮ ಎಲೆ ಸಿಗುವ ತಿಂಗಳುಗಳು ಸಾಮಾನ್ಯವಾಗಿ ಬೇರೆ ಬೇರೆಯಾಗಿರುವುದು ಇದರಿಂದಲೇ.

ಕೊಡಗಿನ ಮಳೆ ಈ ಕಥೆಯ ಮುಖ್ಯ ಪಾತ್ರಧಾರಿ. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತ ಪಶ್ಚಿಮ ಘಟ್ಟದ ಗೋಡೆಗೆ ಬಡಿದು ಮೇಲೇರುವಾಗ ತನ್ನ ನೀರನ್ನೆಲ್ಲ ಅಂಚಿನಲ್ಲೇ ಸುರಿದುಬಿಡುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಇನ್ನೂ ಪಶ್ಚಿಮದ ಭಾಗಮಂಡಲದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಆದರೆ ಮಡಿಕೇರಿಯಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರ ತಲುಪುವಷ್ಟರಲ್ಲಿ ಮಳೆ ಮೂರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಒಂದೇ ಜಿಲ್ಲೆಯೊಳಗೆ ಇಷ್ಟು ಕಡಿದಾದ ಮಳೆಯ ಇಳಿಜಾರು ಇರುವುದರಿಂದ, ಪಡುವಣದ ಏಲಕ್ಕಿ ಕಾಡು, ನಡುವಣ ಕಾಫಿ ಮತ್ತು ಗದ್ದೆ, ಮೂಡಣ ಬಯಲಿನ ಹೊಗೆಸೊಪ್ಪು, ಜೋಳ ಎಂದು ಬೆಳೆಗಳು ತಾವಾಗಿಯೇ ಪಟ್ಟಿಪಟ್ಟಿಯಾಗಿ ಹಂಚಿಕೊಂಡಿವೆ.

ಆದರೆ ಮಳೆ ಎಷ್ಟು ಬೀಳುತ್ತದೆ ಎಂಬುದಕ್ಕಿಂತ ಯಾವಾಗ ನಿಲ್ಲುತ್ತದೆ ಎಂಬುದು ಕಾಫಿ ಮತ್ತು ಚಹಾದ ನಡುವೆ ಗೆರೆ ಎಳೆಯುತ್ತದೆ. ಕೊಡಗಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು, ತುಲಾ ಮಾಸದ ಒಂದಿಷ್ಟು ಗುಡುಗುಮಳೆಯ ಬಳಿಕ ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಕಾಶ ಬಹುತೇಕ ಒಣಗಿರುತ್ತದೆ. ಕಾಫಿಗೆ ಬೇಕಾದದ್ದೂ ಅದೇ. ಒಣಹವೆಯಲ್ಲಿ ಕಾಫಿ ಗಿಡದ ಮೊಗ್ಗು ಬಲಿತು ಸುಪ್ತಾವಸ್ಥೆಯಲ್ಲಿ ನಿಲ್ಲುತ್ತದೆ; ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ ಬೀಳುವ ಹೂಮಳೆ ಅದನ್ನು ಎಚ್ಚರಿಸುತ್ತದೆ; ಮಳೆ ಬಿದ್ದ ಸುಮಾರು ಎಂಟು ಹತ್ತು ದಿನಕ್ಕೆ ಇಡೀ ತೋಟ ಏಕಕಾಲಕ್ಕೆ ಬೆಳ್ಳಗೆ ಅರಳುತ್ತದೆ; ಅನಂತರದ ಹಿಮ್ಮಳೆ ಕಾಯಿ ಕಚ್ಚಲು ನೆರವಾಗುತ್ತದೆ. ಒಣ ತಿಂಗಳುಗಳೇ ಇಲ್ಲದಿದ್ದರೆ ಕಾಫಿ ಹೂ ಚೆಲ್ಲಾಪಿಲ್ಲಿಯಾಗಿ, ಹಣ್ಣು ಒಂದೇ ಹದಕ್ಕೆ ಬಾರದೆ ಕೊಯ್ಲು ಕಷ್ಟವಾಗುತ್ತದೆ. ಚಹಾದ ಬೆಳೆ ಹೂವೂ ಅಲ್ಲ, ಕಾಯಿಯೂ ಅಲ್ಲ, ಎಲೆ. ಗಿಡ ಎಲೆ ಬಿಡುವುದನ್ನು ನಿಲ್ಲಿಸಿದರೆ ತೋಟದ ಆದಾಯವೂ ನಿಲ್ಲುತ್ತದೆ. ಹಾಗಾಗಿ ಚಹಾಕ್ಕೆ ವರ್ಷವಿಡೀ ಹರಡಿಕೊಂಡ ಮಳೆ ಬೇಕು, ಅದಿಲ್ಲದಿದ್ದರೆ ಬೇಸಗೆಯಲ್ಲಿಯೂ ತೇವ ಹಿಡಿದಿಡುವಷ್ಟು ಆಳವಾದ, ಹುಳಿ ಗುಣದ, ನೀರು ನಿಲ್ಲದ ಮಣ್ಣು ಮತ್ತು ಮಂಜು ಬೇಕು. ಕೊಡಗಿನಲ್ಲಿ ಈ ಎರಡನೆಯ ಅನುಕೂಲ ದೊರೆಯುವುದು ಘಟ್ಟದ ತುಟಿಯ ಮೇಲೆ, ಅಂದರೆ ಹುದಿಕೇರಿ, ಟಿ. ಶೆಟ್ಟಿಗೇರಿ, ಬಿರುನಾಣಿ ಸುತ್ತಿನ ಕಾಡಂಚಿನಲ್ಲಿ. ಅತಿಯಾದ ಮಳೆಯಿಂದ ಕಾಫಿ ಕಾಯಿ ಕೊಳೆತು ಉದುರುವ ಆ ಜಾಗವೇ ಚಹಾಕ್ಕೆ ಒಗ್ಗುತ್ತದೆ. ಗಡಿಯಾಚೆಯ ವಯನಾಡಿನಲ್ಲೂ ಇದೇ ವಿನ್ಯಾಸ: ಮಳೆ ಅಪ್ಪಳಿಸುವ ವೈತ್ತಿರಿ, ಮೇಪ್ಪಾಡಿ ಕಡೆ ಚಹಾ, ಮಳೆ ಇಳಿಮುಖವಾಗುವ ಪೂರ್ವದಲ್ಲಿ ಕಾಫಿ ಮತ್ತು ಕಾಳುಮೆಣಸು.

ಈ ಹಂಚಿಕೆ ಒಂದೇ ಸಲಕ್ಕೆ ಆದದ್ದಲ್ಲ. ಈಸ್ಟ್ ಇಂಡಿಯಾ ಕಂಪೆನಿ ಕೊಡಗನ್ನು ವಶಪಡಿಸಿಕೊಂಡ 1834ನೆಯ ವರ್ಷವೇ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಭಾರತದಲ್ಲಿ ಚಹಾ ಬೆಳೆಯುವ ಸಾಧ್ಯತೆಯನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿದನು. ಚೀನಾದಿಂದ ತರಿಸಿದ ಬೀಜಗಳನ್ನು ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಸಸಿ ಮಾಡಿ, ಹೆಚ್ಚಿನವನ್ನು ಅಸ್ಸಾಂ ಮತ್ತು ಹಿಮಾಲಯದ ತಪ್ಪಲಿಗೆ ಕಳುಹಿಸಿ, ಒಂದು ಸಣ್ಣ ಪಾಲನ್ನು 1835ರಲ್ಲಿ ದಕ್ಷಿಣಕ್ಕೆ ರವಾನಿಸಿದರು. ಮೈಸೂರು, ನೀಲಗಿರಿಗಳ ಜೊತೆ ಕೊಡಗೂ ಆ ಪಟ್ಟಿಯಲ್ಲಿತ್ತು. ಆ ಸಸಿಗಳಲ್ಲಿ ಹೆಚ್ಚಿನವು ಸತ್ತುಹೋದವು, ನೀಲಗಿರಿಯ ಕೇತಿಯಲ್ಲಿ ನೆಟ್ಟ ಕೆಲವು ಮಾತ್ರ ಉಳಿದು ಅಲ್ಲಿನ ಚಹಾ ಕೃಷಿಗೆ ನಾಂದಿಯಾದವು. ಕೊಡಗಿನಲ್ಲಿ ಐರೋಪ್ಯರು ಕೈಹಾಕಿದ್ದು ಕಾಫಿಗೆ: 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಐರೋಪ್ಯ ತೋಟವನ್ನು ತೆರೆದ ಮೇಲೆ ಎರಡು ದಶಕಗಳಲ್ಲಿ ಕಾಡು ಕಡಿದು ತೋಟ ಮಾಡುವ ಭರಾಟೆಯೇ ನಡೆಯಿತು. ನೆರಳಿಲ್ಲದ ತೋಟಗಳಿಗೆ ಕಾಂಡಕೊರಕ ಹುಳು ಬಿದ್ದಿತು, ಬಳಿಕ ಎಲೆತುಕ್ಕು ರೋಗ ಹರಡಿತು. ಅದೇ ತುಕ್ಕು ರೋಗ 1869ರಿಂದ ಶ್ರೀಲಂಕೆಯ ಕಾಫಿಯನ್ನು ನಿರ್ನಾಮ ಮಾಡಿದಾಗ ಆ ದ್ವೀಪ ಇಡಿಯಾಗಿ ಚಹಾಕ್ಕೆ ಹೊರಳಿತು. ಜೇಮ್ಸ್ ಟೇಲರ್ ಎಂಬಾತ 1867ರಲ್ಲಿಯೇ ಕ್ಯಾಂಡಿಯ ಬಳಿ ಲೂಲೆಕಂದೇರದಲ್ಲಿ ಚಹಾ ನೆಟ್ಟು ದಾರಿ ತೋರಿಸಿದ್ದನು. ಎರಡು ಮಳೆಗಾಲಗಳು ಸರದಿಯಂತೆ ತೋಯಿಸುವ ಆ ದ್ವೀಪಕ್ಕೆ ಅದು ಸಾಧ್ಯವಾಯಿತು. ನಾಲ್ಕು ತಿಂಗಳು ಒಣಗುವ ಕೊಡಗಿಗೆ ಆ ದಾರಿ ತೆರೆದಿರಲಿಲ್ಲ. ಅಲ್ಲಿನ ಬೆಳೆಗಾರರು ಕಾಫಿಯನ್ನು ಬಿಡದೆ ನೆರಳುಮರಗಳನ್ನು ಮರಳಿ ಬೆಳೆಸಿ, ತಳಿ ಬದಲಿಸಿ, ಮುಂದೆ ರೋಬಸ್ಟಾವನ್ನು ತಂದು ಬದುಕಿಕೊಂಡರು. ಇಂದು ಕೊಡಗಿನ ಕಾಫಿ ತೋಟಗಳಲ್ಲಿ ಉಳಿದಿರುವ ಕಾಡುಮರಗಳ ಚಪ್ಪರವನ್ನು ಮೆಚ್ಚುವವರು, ಚಹಾ ಅಲ್ಲಿ ಗೆಲ್ಲದೇ ಹೋದದ್ದರ ಫಲವೂ ಅದು ಎಂಬುದನ್ನು ಗಮನಿಸಬೇಕು, ಏಕೆಂದರೆ ಚಹಾ ಅಷ್ಟು ದಟ್ಟ ನೆರಳನ್ನು ಸಹಿಸುವುದಿಲ್ಲ. ಅದರ ನಡುವೆ ಅಲ್ಲಲ್ಲಿ ಸಿಲ್ವರ್ ಓಕ್ ಮರಗಳನ್ನು ನಿಲ್ಲಿಸಿದರೆ ಸಾಕು.

ಕರ್ನಾಟಕದಲ್ಲಿ ಕೊಡಗಿನ ಹೊರಗೆ ಚಹಾ ಇರುವುದು ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ. ಕೊಟ್ಟಿಗೆಹಾರದ ಸಮೀಪದ ಕೆಳಗೂರು, ಸಕಲೇಶಪುರದ ಕಡೆಯ ಕಾಡುಮನೆ ತೋಟಗಳು ಜನರಿಗೆ ಪರಿಚಿತ. ಎರಡೂ ಘಟ್ಟದ ಅಂಚಿನಲ್ಲೇ, ಮಳೆ ಮೊದಲು ಮುಟ್ಟುವ ಜಾಗದಲ್ಲೇ ಇವೆ. ಇಷ್ಟೆಲ್ಲ ಸೇರಿದರೂ ರಾಜ್ಯದ ಚಹಾ ಕ್ಷೇತ್ರ ಸುಮಾರು 2,000 ಹೆಕ್ಟೇರಿನ ಆಸುಪಾಸಿನದು, ದೇಶದ ಉತ್ಪಾದನೆಯಲ್ಲಿ ಅದರ ಪಾಲು ಶೇ. 1ಕ್ಕೂ ಕಡಿಮೆ. ಪಾಲು ಸಣ್ಣದಾದುದರಿಂದಲೇ ಈ ಎಲೆಯ ಗುಣವನ್ನು ಬೇರೆಯಾಗಿ ಗುರುತಿಸುವ ಪ್ರಯತ್ನ ಹೆಚ್ಚಾಗಿ ನಡೆದಿಲ್ಲ, ಮತ್ತು ಇದು ವಿಷಾದದ ಸಂಗತಿ.

ಹುದಿಕೇರಿ ಸೀಮೆಯ ಚಹಾ ಪೊದೆ ವರ್ಷವನ್ನು ಕಳೆಯುವ ಬಗೆಯನ್ನು ತಿಂಗಳ ಕ್ರಮದಲ್ಲಿ ನೋಡಿದರೆ ಆ ಗುಣ ಏನಿರಬಹುದೆಂಬುದು ತಿಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆಗೆ ಗಿಡ ಭರದಿಂದ ಚಿಗುರುತ್ತದೆ. ಬಿಸಿಲೂ ಮಳೆಯೂ ಸೇರಿದ ಈ ಕಾಲದ ಎಲೆಯಲ್ಲಿ ಬಣ್ಣವೂ ಗಟ್ಟಿತನವೂ ಇರುತ್ತವೆ. ಜೂನ್ ಕಳೆದು ಮಳೆ ಹಗಲಿರುಳು ಹಿಡಿದಾಗ ಬೆಳಕಿಲ್ಲದೆ ಚಿಗುರು ನಿಧಾನಿಸುತ್ತದೆ, ಆದರೆ ಇದು ಚಳಿಯ ನಿಧಾನವಲ್ಲ; ಎಲೆಯಲ್ಲಿ ನೀರಿನಂಶ ಹೆಚ್ಚಿ, ಕಾರ್ಖಾನೆಯಲ್ಲಿ ಅದನ್ನು ಬಾಡಿಸುವುದೇ ಕಷ್ಟವಾಗುತ್ತದೆ. ಎಳೆಯೆಲೆಯ ಮೇಲೆ ಬೊಕ್ಕೆಗಳನ್ನೆಬ್ಬಿಸುವ ಬ್ಲಿಸ್ಟರ್ ಬ್ಲೈಟ್ ಎಂಬ ಶಿಲೀಂಧ್ರ ರೋಗ, 1946ರಲ್ಲಿ ದಕ್ಷಿಣ ಭಾರತಕ್ಕೆ ಕಾಲಿಟ್ಟದ್ದು, ಈ ತಿಂಗಳುಗಳಲ್ಲೇ ಕಾಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೋಡ ಸರಿದು ಎಳೆಬಿಸಿಲು ಬಿದ್ದಾಗ ಮತ್ತೊಮ್ಮೆ ಚಿಗುರಿನ ಹಬ್ಬ. ಡಿಸೆಂಬರಿನಿಂದ ರಾತ್ರಿ ಚಳಿ, ಬೆಳಗ್ಗೆ ಮಂಜು, ಮಧ್ಯಾಹ್ನ ನಿಚ್ಚಳ ಬಿಸಿಲು, ನೆಲದಲ್ಲಿ ದಿನೇ ದಿನೇ ಕಡಿಮೆಯಾಗುವ ತೇವ: ಇಳುವರಿ ಬಹಳ ಕುಸಿಯುವ, ಆದರೆ ಪರಿಮಳ ಮಾತ್ರ ಎಲೆಯೊಳಗೆ ಮಡುಗಟ್ಟುವ ಕಾಲವಿದು. ಕೊಡಗಿನ ಉತ್ತಮ ಎಲೆಯನ್ನು ಹುಡುಕುವವರು ಮಳೆಗಾಲವನ್ನಲ್ಲ, ಕಾಫಿ ಕೊಯ್ಲಿನ ಈ ಕಾಲವನ್ನೇ ನೋಡಬೇಕು.

ಎಲೆಯ ಗುಣ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ ಎಂಬ ತಿಳಿವಳಿಕೆ ಕೊಡಗಿಗೆ ಚಹಾ ಬರುವ ಮೊದಲೂ ಇತ್ತು. ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಕೊಡವರ ಮನೆಗಳಲ್ಲಿ ಮದ್ದು ಸೊಪ್ಪನ್ನು ಕಾಡಂಚಿನಿಂದ ತಂದು, ಎಲೆ ಮತ್ತು ಕಾಂಡವನ್ನು ನೀರಿನಲ್ಲಿ ಕುದಿಸುತ್ತಾರೆ. ನೀರು ಕಡು ನೇರಳೆ ಬಣ್ಣಕ್ಕೆ ತಿರುಗಿ ವಿಶಿಷ್ಟ ಪರಿಮಳ ಹರಡುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ ಪಾಯಸ ಮಾಡಿ ಜೇನುತುಪ್ಪವನ್ನೋ ತುಪ್ಪವನ್ನೋ ಸೇರಿಸಿ ಉಣ್ಣುತ್ತಾರೆ. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಔಷಧ ಗುಣಗಳು ತುಂಬಿರುತ್ತವೆ, ದಿನ ಕಳೆದಂತೆ ಅವು ಇಳಿಯುತ್ತವೆ ಎಂಬುದು ನಂಬಿಕೆ. ಸಸ್ಯಶಾಸ್ತ್ರದ ದೃಷ್ಟಿಯಿಂದ ಇದು ಚಹಾದ ಸಂಬಂಧಿಯಲ್ಲ, ಜಸ್ಟೀಷಿಯಾ ವಯನಾಡೆನ್ಸಿಸ್ ಎಂಬ ಬೇರೆಯೇ ಗಿಡ. ಆದರೆ ಯಾವ ನೆಲದ, ಯಾವ ದಿನದ ಎಲೆ ಎಂದು ಕೇಳಿ ಬಳಸುವ ಈ ಎಚ್ಚರವೇ ಒಳ್ಳೆಯ ಚಹಾವನ್ನು ಕೊಳ್ಳುವವರಿಗೂ ಇರಬೇಕಾದದ್ದು.

ಬೇರೆ ಪ್ರದೇಶಗಳ ಚಹಾದೊಂದಿಗೆ ಹೋಲಿಸಿದಾಗ ಕೊಡಗಿನ ಸ್ಥಾನ ಇನ್ನಷ್ಟು ಸ್ಪಷ್ಟವಾಗುತ್ತದೆ. ಕನ್ನಡಕ್ಕೆ ತೀರ ಹತ್ತಿರದ ಭಾಷೆಯಾಡುವ ಬಡಗರು ಸಣ್ಣ ಹಿಡುವಳಿಗಳಲ್ಲಿ ಚಹಾ ಬೆಳೆಯುವ ನೀಲಗಿರಿಯಲ್ಲಿ ತೋಟಗಳು 1,500 ಮೀಟರಿನಿಂದ 2,000 ಮೀಟರಿಗೂ ಮೇಲಕ್ಕೆ ಹಬ್ಬಿವೆ. ಅಲ್ಲಿನ ಪೂರ್ವ ಪಾರ್ಶ್ವದ ಕೂನೂರು, ಕೋಟಗಿರಿಗಳಿಗೆ ಹಿಂಗಾರು ಮಳೆ ಚೆನ್ನಾಗಿ ಸಿಗುವುದರಿಂದ ಗಿಡಕ್ಕೆ ನವೆಂಬರಿನವರೆಗೂ ತೇವ ಸಿಗುತ್ತಲೇ ಇರುತ್ತದೆ. ಅದರ ಹಿಂದೆಯೇ ಬರುವ ಡಿಸೆಂಬರ್, ಜನವರಿಯ ಹಿಮ ಕವಿಯುವ ರಾತ್ರಿಗಳಲ್ಲಿ ಚಿಗುರು ಬಹುತೇಕ ನಿಂತು ನಿಂತು ಬೆಳೆಯುತ್ತದೆ. ಈ ಕಾಲದಲ್ಲಿ ಕಿತ್ತ ಎಲೆಯಿಂದ ಮಾಡಿದ ಚಹಾ ಹೂವಿನ ಪರಿಮಳಕ್ಕೂ ತಿಳಿಯಾದ ಹೊನ್ನಿನ ಬಣ್ಣಕ್ಕೂ ಪ್ರಸಿದ್ಧ, ಹಾಲಿಲ್ಲದೆ ಕುಡಿಯುವುದಕ್ಕೆ ಹೇಳಿ ಮಾಡಿಸಿದಂಥದು. ಕೊಡಗಿನ ಚಹಾ ಸೀಮೆ ಅಷ್ಟು ಎತ್ತರದಲ್ಲಿಲ್ಲ. ತಡಿಯಂಡಮೋಳ್ ಶಿಖರವೇ 1,748 ಮೀಟರ್ ಇರುವಾಗ, ದಕ್ಷಿಣ ಕೊಡಗಿನ ತೋಟಗಳು ಅದರ ಅರ್ಧದ ಆಸುಪಾಸಿನ ಎತ್ತರದಲ್ಲಿವೆ. ಹಾಗಾಗಿ ಇಲ್ಲಿ ನೀಲಗಿರಿಯ ತೆಳು ಸುವಾಸನೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ; ಮಧ್ಯಮ ಎತ್ತರದ ಎಲೆಯಲ್ಲಿ ಸಹಜವಾದದ್ದು ಬಾಯಿ ತುಂಬುವ ಗಟ್ಟಿತನ, ಕೆಂಪು ಬಣ್ಣ, ಹಾಲನ್ನು ತಾಳಿಕೊಳ್ಳುವ ಶಕ್ತಿ, ಮತ್ತು ಚಳಿಗಾಲದಲ್ಲಿ ಮಾತ್ರ ಅದರ ಮೇಲೆ ತೇಲಿ ಬರುವ ಒಂದು ಪರಿಮಳದ ಪದರ.

ಗಾಳಿ ಬೀಸುವ ದಿಕ್ಕು ಎಷ್ಟರ ಮಟ್ಟಿಗೆ ರುಚಿಯನ್ನು ತಿರುಗಿಸಬಲ್ಲದು ಎಂಬುದಕ್ಕೆ ಶ್ರೀಲಂಕೆ ಒಳ್ಳೆಯ ನಿದರ್ಶನ. ಮಧ್ಯದ ಬೆಟ್ಟಸಾಲಿನ ಪಶ್ಚಿಮಕ್ಕಿರುವ ದಿಂಬುಲದ ಶ್ರೇಷ್ಠ ಚಹಾ ಜನವರಿಯಿಂದ ಮಾರ್ಚ್‌ವರೆಗೆ ದೊರೆತರೆ, ಪೂರ್ವಕ್ಕಿರುವ ಊವಾ ಪ್ರಾಂತದ್ದು ಜುಲೈಯಿಂದ ಸೆಪ್ಟೆಂಬರ್‌ವರೆಗೆ ದೊರೆಯುತ್ತದೆ. ಬೆಟ್ಟದ ಒಂದು ಮಗ್ಗುಲಲ್ಲಿ ಮಳೆ ಸುರಿಸಿ ಒಣಗಿದ ಗಾಳಿ ಇನ್ನೊಂದು ಮಗ್ಗುಲಿನ ಎಲೆಯನ್ನು ಬಾಡಿಸುವಂತೆ ಬೀಸಿ ಅದರ ಪರಿಮಳವನ್ನು ಹೆಚ್ಚಿಸುತ್ತದೆ. ಡಾರ್ಜಿಲಿಂಗ್‌ನಲ್ಲಿ ಚಳಿ ಮುಗಿದೊಡನೆ ಬರುವ ಮೊದಲ ಚಿಗುರು ಹಸಿರುಛಾಯೆಯ ತಿಳಿ ಚಹಾವಾದರೆ, ಮೇ, ಜೂನ್‌ನ ಎರಡನೆಯ ಚಿಗುರು ಮಾಗಿದ ದ್ರಾಕ್ಷಿಯ ಘಮಕ್ಕೆ ಹೆಸರಾಗಿದೆ. ಈ ಘಮಕ್ಕೆ ಜಿಗಿಹುಳು ಎಂಬ ಪುಟ್ಟ ಕೀಟವೂ ಕಾರಣ, ಅದು ರಸ ಹೀರಿದಾಗ ಗಿಡ ತನ್ನ ರಕ್ಷಣೆಗಾಗಿ ಎಲೆಯಲ್ಲಿ ಹುಟ್ಟಿಸುವ ದ್ರವ್ಯಗಳೇ ಕುಡಿಯುವವನಿಗೆ ಸುಗಂಧವಾಗಿ ಒದಗುತ್ತವೆ. ಬ್ರಹ್ಮಪುತ್ರದ ಬಯಲಿನ ಅಸ್ಸಾಂ ಚಹಾದ ಕಡು ಬಣ್ಣ ಮತ್ತು ಖಡಕ್ ರುಚಿಗೆ ಸೆಖೆ, ನೆರೆಮಣ್ಣು ಮತ್ತು ಅಗಲ ಎಲೆಯ ತಳಿ ಮೂರೂ ಕಾರಣ.

ನೆಲ ಇಷ್ಟೆಲ್ಲ ಮಾಡಿಕೊಟ್ಟ ಮೇಲೆ ಅದನ್ನು ಉಳಿಸುವುದೋ ಅಳಿಸುವುದೋ ಕಾರ್ಖಾನೆಯ ಕೈಯಲ್ಲಿದೆ. ಸಾಂಪ್ರದಾಯಿಕ ವಿಧಾನದಲ್ಲಿ, ಇದನ್ನೇ ವ್ಯಾಪಾರದಲ್ಲಿ ಆರ್ಥೊಡಾಕ್ಸ್ ಎನ್ನುತ್ತಾರೆ, ಕಿತ್ತ ಎಲೆಯನ್ನು ಉದ್ದನೆಯ ಜಾಲರಿ ತೊಟ್ಟಿಗಳ ಮೇಲೆ ಹರಡಿ, ಅಡಿಯಿಂದ ಗಾಳಿ ಹಾಯಿಸಿ ಸುಮಾರು 12ರಿಂದ 18 ಗಂಟೆ ಬಾಡಿಸುತ್ತಾರೆ. ಬಾಡಿದ ಎಲೆಯ ತೊಟ್ಟು ಬಗ್ಗಿಸಿದರೆ ಮುರಿಯುವುದಿಲ್ಲ. ಹಿಡಿಯಲ್ಲಿ ಅಮುಕಿ ಬಿಟ್ಟರೆ ಮುದ್ದೆಯಾಗಿ ನಿಂತು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಹಸಿ ಹುಲ್ಲಿನ ವಾಸನೆ ಹೋಗಿ ಹಣ್ಣಿನ ವಾಸನೆ ಮೂಡಿರುತ್ತದೆ. ಅನಂತರ ಅದನ್ನು ಉರುಳುವ ತಟ್ಟೆಗಳ ನಡುವೆ ಹೊಸೆಯುತ್ತಾರೆ. ಆಗ ಎಲೆ ತುಂಡಾಗದೆ ಸುರುಳಿಗೊಂಡು ಒಳಗಿನ ಜೀವಕೋಶಗಳು ಒಡೆದು ರಸ ಮೇಲೆ ಬರುತ್ತದೆ. ಗಾಳಿ ತಾಗಿದ ರಸದಲ್ಲಿ ಕ್ಯಾಟೆಚಿನ್‌ಗಳು ಎಲೆಯಲ್ಲೇ ಇರುವ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಕೂಡಿ ಬೇರೆ ರೂಪ ತಾಳುತ್ತವೆ: ಥಿಯಾಫ್ಲೇವಿನ್ ಎಂಬವು ಚಹಾಕ್ಕೆ ಹೊಳಪನ್ನೂ ನಾಲಿಗೆಯನ್ನು ಎಚ್ಚರಿಸುವ ಚುರುಕನ್ನೂ, ಥಿಯಾರುಬಿಗಿನ್ ಎಂಬವು ಕೆಂಪನ್ನೂ ಗಟ್ಟಿತನವನ್ನೂ ಕೊಡುತ್ತವೆ. ಹಸಿರೆಲೆ ತಾಮ್ರದ ಬಣ್ಣಕ್ಕೆ ತಿರುಗುವ ಈ ಹಂತವನ್ನು ಸರಿಯಾದ ಗಳಿಗೆಯಲ್ಲಿ ನಿಲ್ಲಿಸುವುದೇ ಚಹಾ ತಯಾರಕನ ವಿದ್ಯೆ. ಬೇಗ ನಿಲ್ಲಿಸಿದರೆ ಹಸಿ ಒಗರು ಉಳಿಯುತ್ತದೆ, ತಡವಾದರೆ ಚುರುಕು ಸತ್ತು ಚಹಾ ಮಂಕಾಗುತ್ತದೆ. ಕೊನೆಗೆ ಬಿಸಿಗಾಳಿಯಲ್ಲಿ ತೇವಾಂಶ ಶೇ. 3ರ ಸುಮಾರಿಗೆ ಇಳಿಯುವವರೆಗೆ ಒಣಗಿಸಿ, ಜರಡಿ ಹಿಡಿದು ಬೇರ್ಪಡಿಸುತ್ತಾರೆ. ಹಸಿರು ಚಹಾಕ್ಕಾದರೆ ಎಲೆ ಬಂದೊಡನೆ ಆವಿ ಅಥವಾ ಬಿಸಿ ತಾಗಿಸಿ ಕಿಣ್ವವನ್ನೇ ನಿಷ್ಕ್ರಿಯಗೊಳಿಸುವುದರಿಂದ ಕೆಂಪು ಮೂಡುವ ಪ್ರಶ್ನೆಯೇ ಇಲ್ಲ.

ಭಾರತದ ಮನೆಮನೆಯ ಟೀ ಪುಡಿ ಈ ದಾರಿಯಲ್ಲಿ ಬಂದದ್ದಲ್ಲ. ವಿಲಿಯಂ ಮ್ಯಾಕರ್ಚರ್ ಎಂಬಾತ 1930ರ ಸುಮಾರಿಗೆ ಅಸ್ಸಾಮಿನ ಅಂಗೂರಿ ತೋಟದಲ್ಲಿ ರೂಪಿಸಿದ ಸಿಟಿಸಿ ಯಂತ್ರದಲ್ಲಿ, ಹಲ್ಲುಗಳುಳ್ಳ ಎರಡು ಉಕ್ಕಿನ ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತ ಎಲೆಯನ್ನು ಜಜ್ಜಿ, ಹರಿದು, ಸುರುಟಿ ಕಾಳುಕಾಳಾಗಿಸುತ್ತವೆ. ಕೋಶಗಳೆಲ್ಲ ಒಮ್ಮೆಗೇ ಒಡೆಯುವುದರಿಂದ ಬಣ್ಣ ಬೇಗ ಬರುತ್ತದೆ, ಒಂದು ಕಿಲೋ ಪುಡಿಯಲ್ಲಿ ಹೆಚ್ಚು ಲೋಟ ಚಹಾ ಆಗುತ್ತದೆ, ಹಾಲು ಸಕ್ಕರೆ ಹಾಕಿ ಕುದಿಸಿದರೂ ರುಚಿ ಸೋಲುವುದಿಲ್ಲ. ಮುಂಜಾನೆ ಲೈನ್ ಮನೆಯಿಂದ ತೋಟಕ್ಕೆ ಹೊರಡುವ ಕೆಲಸಗಾರನಿಗೆ, ಬಸ್ ನಿಲ್ದಾಣದ ಹೋಟೆಲಿಗೆ ಬರುವ ಪ್ರಯಾಣಿಕನಿಗೆ ಅಗ್ಗದ ಬೆಲೆಗೆ ಬಿಸಿ ಚಹಾ ಸಿಗುವಂತೆ ಮಾಡಿದ್ದು ಇದೇ ಯಂತ್ರ, ಹಾಗಾಗಿ ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಯಾವ ಎಲೆಯೂ ಒಂದೇ ಆಕಾರಕ್ಕೆ ಬರುವ, ಹತ್ತಾರು ತೋಟಗಳ ಪುಡಿಯನ್ನು ಬೆರೆಸಿ ಒಂದೇ ರುಚಿಯ ಪೊಟ್ಟಣ ಮಾಡುವ ಈ ವ್ಯವಸ್ಥೆಯಲ್ಲಿ ಊರಿನ ಗುರುತು ಉಳಿಯುವುದು ಅಸಾಧ್ಯ. ಚಳಿಗಾಲದ ಎಲೆಯೂ ಜುಲೈನ ಎಲೆಯೂ ಅಲ್ಲಿ ಒಂದೇ ಚೀಲಕ್ಕೆ ಬೀಳುತ್ತವೆ.

ಪೊಟ್ಟಣದ ಮೇಲೆ ಕಾಣುವ ಆರೆಂಜ್ ಪೆಕೊ, ಬ್ರೋಕನ್, ಫ್ಯಾನಿಂಗ್ಸ್, ಡಸ್ಟ್ ಎಂಬ ಹೆಸರುಗಳು ಎಲೆಯ ಗಾತ್ರವನ್ನು ಹೇಳುವ ದರ್ಜೆಗಳೇ ಹೊರತು ರುಚಿಯ ಪ್ರಮಾಣಪತ್ರಗಳಲ್ಲ. ಇಡೀ ಎಲೆ, ತುಂಡೆಲೆ, ನುಚ್ಚು, ಹುಡಿ ಎಂದು ಅವನ್ನು ಅರ್ಥಮಾಡಿಕೊಂಡರೆ ಸಾಕು. ಕಿತ್ತಳೆ ಹಣ್ಣಿಗೂ ಆರೆಂಜ್ ಪೆಕೊ ಚಹಾಕ್ಕೂ ಸಂಬಂಧವಿಲ್ಲ. ಗಾತ್ರ ಮುಖ್ಯವಾಗುವುದು ಚಹಾ ಮಾಡುವಾಗ: ಹುಡಿ ಕ್ಷಣದಲ್ಲಿ ತನ್ನೆಲ್ಲ ಸತ್ವವನ್ನು ಬಿಟ್ಟುಕೊಡುತ್ತದೆ, ಇಡೀ ಎಲೆ ನಿಧಾನವಾಗಿ, ಒಂದಕ್ಕಿಂತ ಹೆಚ್ಚು ಸಲ ಬಿಡುತ್ತದೆ.

ಎಲೆ ಚಹಾವನ್ನು ಟೀ ಪುಡಿಯಂತೆ ಪಾತ್ರೆಯಲ್ಲಿ ಹಾಕಿ ಕುದಿಸಿದರೆ ಅದರಲ್ಲಿ ಕಹಿಯೊಂದೇ ಉಳಿದು, ದುಬಾರಿ ಹಣ ಕೊಟ್ಟದ್ದು ವ್ಯರ್ಥವೆನಿಸುವುದು ಖಂಡಿತ. ಒಂದು ದೊಡ್ಡ ಲೋಟ ನೀರಿಗೆ ಒಂದು ಚಮಚೆ, ಅಂದರೆ ಸುಮಾರು 2ರಿಂದ 2.5 ಗ್ರಾಂ ಎಲೆ ಸಾಕು. ಕಪ್ಪು ಚಹಾಕ್ಕೆ ನೀರು ಕುದಿ ಬಂದೊಡನೆ ಇಳಿಸಿ ಎಲೆಯ ಮೇಲೆ ಹೊಯ್ದು ಮುಚ್ಚಿ, ಮೂರ್ನಾಲ್ಕು ನಿಮಿಷ ಬಿಟ್ಟು ಸೋಸಬೇಕು. ಹಸಿರು ಚಹಾಕ್ಕಾದರೆ ನೀರು 75ರಿಂದ 80 ಡಿಗ್ರಿಗೆ ಆರಿರಬೇಕು, ಸಮಯವೂ ಕಡಿಮೆ. ಮುಚ್ಚುವುದು ಶಾಸ್ತ್ರಕ್ಕಲ್ಲ, ಪರಿಮಳ ದ್ರವ್ಯಗಳು ಆವಿಯೊಡನೆ ಹಾರಿಹೋಗುವುದನ್ನು ಅದು ತಡೆಯುತ್ತದೆ. ಸೋಸಿದ ಬಳಿಕ ಉಳಿದ ಎಲೆಯನ್ನು ತಟ್ಟೆಯ ಮೇಲೆ ಬಿಡಿಸಿ ನೋಡುವುದು ಚಹಾ ಪರೀಕ್ಷಕರ ಪದ್ಧತಿ: ಎಲೆ ಇಡಿಯಾಗಿ ಬಿಚ್ಚಿಕೊಂಡು, ಎರಡು ಎಲೆ ಒಂದು ಮೊಗ್ಗಿನ ಆಕಾರ ಕಾಣಿಸಿ, ತಾಮ್ರದ ಬಣ್ಣ ಸಮನಾಗಿದ್ದರೆ ಕಿತ್ತವರೂ ಹೊಸೆದವರೂ ಎಚ್ಚರದಿಂದ ಕೆಲಸ ಮಾಡಿದ್ದಾರೆಂದು ತಿಳಿಯಬಹುದು, ಬಲಿತ ಎಲೆಯ ಚೂರು, ಕಡ್ಡಿ, ಕಪ್ಪು ಕಲೆ ಹೆಚ್ಚಾಗಿದ್ದರೆ ಇಲ್ಲ.

ನೀರಿನ ವಿಷಯದಲ್ಲಿ ಕೊಡಗಿನವರು ಪುಣ್ಯವಂತರು. ಮಳೆನೀರೇ ಇಂಗಿ ಬರುವ ಬೆಟ್ಟದ ಒರತೆಯ ನೀರಿನಲ್ಲಿ ಸುಣ್ಣದಂಶ ತೀರ ಕಡಿಮೆ, ಅಂಥ ಮೆದು ನೀರಿನಲ್ಲಿ ಚಹಾದ ಬಣ್ಣ ಹೊಳೆಯುತ್ತದೆ, ಪರಿಮಳ ತಿಳಿಯಾಗಿ ಏಳುತ್ತದೆ. ಅದೇ ಎಲೆಯನ್ನು ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಹಾಕಿದರೆ ಮೇಲೆ ಕೆನೆಯಂಥ ಪೊರೆ ಕಟ್ಟಿ ಬಣ್ಣ ಮಬ್ಬಾಗುತ್ತದೆ. ಕೊಡಗಿನಲ್ಲಿ ಕೊಂಡ ಚಹಾ ಬೆಂಗಳೂರಿನ ಮನೆಯಲ್ಲಿ ಅದೇ ರುಚಿ ಕೊಡಲಿಲ್ಲವೆಂದು ಅಂಗಡಿಯವರನ್ನು ದೂರುವ ಮೊದಲು ನೀರನ್ನು ಬದಲಿಸಿ ನೋಡುವುದು ಒಳ್ಳೆಯದು. ಬೆಲ್ಲದ ಕಾಫಿಗೆ ಒಗ್ಗಿದ ನಾಲಿಗೆ ಸಿಹಿಯಿಲ್ಲದ ಎಲೆ ಚಹಾವನ್ನು ಮೊದಲಿಗೆ ಸಪ್ಪೆ ಎನ್ನುವುದು ಸಹಜ. ಚಳಿಗಾಲದ ಒಳ್ಳೆಯ ಎಲೆಯನ್ನು ಹಾಲಿಲ್ಲದೆ ಒಂದೆರಡು ವಾರ ಕುಡಿದರೆ ಆ ಅಭಿಪ್ರಾಯ ಬದಲಾಗದೇ ಇರದು.

ಕೊಡಗಿನ ಕಿತ್ತಳೆ, ಹಸಿರು ಏಲಕ್ಕಿ, ಮತ್ತು 2019ರಲ್ಲಿ ಅರೇಬಿಕಾ ಕಾಫಿ, ಇವು ಬೆಳೆದ ನೆಲದ ಹೆಸರನ್ನು ಕಾನೂನುಬದ್ಧವಾಗಿ ಧರಿಸುವ ಭೌಗೋಳಿಕ ಸೂಚಿಕೆ ಎಂಬ ಮಾನ್ಯತೆಯನ್ನು ಪಡೆದಿವೆ. ದೇಶದಲ್ಲಿ ಆ ಮಾನ್ಯತೆಯನ್ನು ಮೊದಲು ಪಡೆದದ್ದು 2004ರಲ್ಲಿ ಡಾರ್ಜಿಲಿಂಗ್ ಚಹಾ. ಅನಂತರ ಕಾಂಗ್ರಾ, ಅಸ್ಸಾಂ, ನೀಲಗಿರಿಯ ಚಹಾಗಳಿಗೂ ಅದು ಸಂದಿತು. ಕರ್ನಾಟಕದ ಚಹಾಕ್ಕೆ ಅಂಥ ಹೆಸರು ಗಳಿಸಿಕೊಡಲು ಬೇಕಾದದ್ದು ವಿಸ್ತಾರವಲ್ಲ, ವಿಂಗಡಣೆ. ಜನವರಿ, ಫೆಬ್ರವರಿಯ ಎಲೆಯನ್ನು ಮಳೆಗಾಲದ ಎಲೆಯೊಡನೆ ಬೆರೆಸದೆ ಬೇರೆಯಾಗಿ ಕಿತ್ತು, ಒಂದಿಷ್ಟನ್ನಾದರೂ ಸಾಂಪ್ರದಾಯಿಕ ವಿಧಾನದಲ್ಲಿ ಹೊಸೆದು, ತೋಟದ ಹೆಸರು, ಕಿತ್ತ ತಿಂಗಳು, ವರ್ಷ ಮೂರನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕುವುದು ಸಣ್ಣ ಪ್ರಮಾಣದಲ್ಲಿ ಆರಂಭಿಸಬಹುದಾದ ಕೆಲಸ. ಮಡಿಕೇರಿ, ಗೋಣಿಕೊಪ್ಪದ ಸಾಂಬಾರ ಪದಾರ್ಥಗಳ ಅಂಗಡಿಗಳಲ್ಲಿ ಕೊಡಗಿನ ಚಹಾ ಎಂದು ಕೇಳಿ ಕೊಳ್ಳುವ ಪ್ರವಾಸಿಗರೂ ಈ ಮೂರನ್ನು ವಿಚಾರಿಸತೊಡಗಿದರೆ, ಆ ಪೊಟ್ಟಣದೊಳಗಿನ ಎಲೆ ನಿಜಕ್ಕೂ ಬ್ರಹ್ಮಗಿರಿಯ ಮಂಜು ಕಂಡದ್ದೋ ಬೇರೆಲ್ಲಿಂದಲೋ ಬಂದು ಸೇರಿದ ಪುಡಿಯೋ ಎಂಬುದನ್ನು ಮಾರುವವರು ಹೇಳಲೇಬೇಕಾಗುತ್ತದೆ.